ಹಳೇ ಮನೆಯ ಹಂಬಲ ಇರಲಿ, ಮೊದಲು ಮೀಟರ್ ಬೋರ್ಡು ನೋಡಿ

ನಮ್ಮಲ್ಲಿ ಹಳೇ ಮನೆಯ ಬಗ್ಗೆ ಬರೆಯುವವರಿಗೆ ಬರವಿಲ್ಲ. ತೊಟ್ಟಿಗೆ ಸುರಿಯುವ ಮಳೆ, ಜಂತೆಯ ಸಂದಿನ ಗುಬ್ಬಿ ಗೂಡು, ಕರೆಂಟು ಹೋದ ರಾತ್ರಿ ಬುಡ್ಡಿದೀಪದ ಸುತ್ತ ಕೂತು ಕೇಳಿದ ಅಜ್ಜಿಯ ಕತೆ. ನಾನೂ ಇಂಥದ್ದೊಂದು ಬರೆದಿದ್ದೇನೆ. ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು, ಮೇಷ್ಟರು ಮೆಚ್ಚಿಕೊಂಡರು. ಅದರಲ್ಲಿ ದೊಡ್ಡಬಳ್ಳಾಪುರದ ನಮ್ಮ ಮನೆಯ ಮರದ ಕಂಬಗಳಿದ್ದವು, ಮಗ್ಗದ ಸದ್ದಿತ್ತು, ತಾತನ ಆರಾಮ ಕುರ್ಚಿಯಿತ್ತು. ಇಲ್ಲದ್ದು ಒಂದೇ, ಬಾಗಿಲ ಪಕ್ಕದ ಮೀಟರ್ ಬೋರ್ಡು. ಹುಟ್ಟಿದಾಗಿನಿಂದ ಅದರ ಕೆಳಗೇ ಚಪ್ಪಲಿ ಬಿಟ್ಟು ಒಳಗೆ ಹೋದವನಿಗೆ ಅದು ಬರೆಯಬೇಕಾದ ವಸ್ತು ಅಂತ ಒಮ್ಮೆಯೂ ಅನ್ನಿಸಲಿಲ್ಲ.

ಈ ಬರಹ ನನ್ನ ಆ ಪ್ರಬಂಧದ ವಿರುದ್ಧ. ಅಂಥ ಎಲ್ಲ ಪ್ರಬಂಧಗಳ ವಿರುದ್ಧವೂ ಹೌದು.

ಮನೆ ಹಳೇ ಊರಿನೊಳಗಿದೆ. ಬೀದಿಯಲ್ಲಿ ನಡೆಯುವಾಗ ಕಿಟಕಿಗಳಿಂದ ವಿದ್ಯುತ್ ಮಗ್ಗದ ಸದ್ದು ಕೇಳುವ ಊರು ನಮ್ಮದು. ಕರೆಂಟು ಹೋದರೆ ಬೀದಿಗೆ ಬೀದಿಯೇ ಸುಮ್ಮನಾಗುತ್ತದೆ. ತಾತನ ಕಾಲದಲ್ಲಿ ನಮ್ಮ ಪಡಸಾಲೆಯಲ್ಲೂ ಎರಡು ಮಗ್ಗ ಇದ್ದವು. ಮಗ್ಗ ಮಾರಿದರು, ತಾತನೂ ಹೋದರು, ಮನೆ ಬಾಯಿಮಾತಿನಲ್ಲಿ ಮೂರು ಭಾಗವಾಯಿತು. ಮುಂದಿನ ಭಾಗ ದೊಡ್ಡಪ್ಪನಿಗೆ, ನಡುಮನೆ ಮತ್ತದರ ಪಕ್ಕದ ಕೋಣೆ ನಮಗೆ, ಹಿತ್ತಲ ಕಡೆಯದು ಚಿಕ್ಕಪ್ಪನಿಗೆ. ಗೋಡೆ ಎದ್ದಿತು, ಒಲೆ ಮೂರಾಯಿತು. ಖಾತೆ ಮಾತ್ರ ಇವತ್ತಿಗೂ ತಾತನ ಹೆಸರಿನಲ್ಲಿದೆ. ಕರೆಂಟ್ ಬಿಲ್ಲಿನ ಆರ್.ಆರ್. ನಂಬರೂ ಅವರದೇ. ಮೀಟರ್ ಒಂದು, ಒಳಗೆ ಬರುವ ಫೇಸ್ ಮೂರು. ಅಣ್ಣತಮ್ಮಂದಿರು ಒಬ್ಬೊಬ್ಬರಿಗೆ ಒಂದೊಂದು ಫೇಸಿನಂತೆ ಹಂಚಿಕೊಂಡರು. ನ್ಯೂಟ್ರಲ್ ತಂತಿ ಒಂದೇ ಇತ್ತು, ಅದು ಮೂವರಿಗೂ ಸೇರಿದ್ದಾಗಿ ಉಳಿಯಿತು. ಅಂದರೆ ಯಾರಿಗೂ ಸೇರದ್ದಾಯಿತು.

ಎರಡು ವರ್ಷದ ಹಿಂದೆ ಮಳೆಗಾಲ ಶುರುವಾಗುವ ಹೊತ್ತಿಗೆ ಮನೆಯಲ್ಲಿ ಜಗಳವೂ ಶುರುವಾಯಿತು. ಬೆಳಿಗ್ಗೆ ಐದೂವರೆಗೆ ದೊಡ್ಡಪ್ಪ ಗೀಸರ್ ಹಾಕಿದರೆ ಅವರ ಕೋಣೆಯ ದೀಪ ಮಂಕಾಗುತ್ತಿತ್ತು. ಅದೇ ಗಳಿಗೆಯಲ್ಲಿ ನಮ್ಮ ದೇವರಮನೆಯ ಹಳೇ ಕಾಲದ ಬಲ್ಬು ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಗೀಸರ್ ಆರಿಸಿದರೆ ಎಲ್ಲ ಮಾಮೂಲು. ಚಿಕ್ಕಪ್ಪನ ಮನೆಯಲ್ಲಿ ಮಿಕ್ಸಿ ತಿರುಗಿದರೆ ನಮ್ಮ ಫ್ಯಾನಿನ ಸದ್ದು ಬದಲಾಗುತ್ತಿತ್ತು. ಒಂದೇ ವಾರದಲ್ಲಿ ನಮ್ಮ ಮೂರು ಎಲ್‌ಇಡಿ ಬಲ್ಬು ಮತ್ತು ಒಂದು ಚಾರ್ಜರ್ ಸುಟ್ಟವು, ಚಿಕ್ಕಪ್ಪನ ಟೀವಿ ಹೋಯಿತು.

ದೊಡ್ಡಪ್ಪನ ತೀರ್ಪು ತಕ್ಷಣ ಬಂತು: "ನನ್ನ ಲೈನಿಂದ ಇವ್ರು ಕರೆಂಟ್ ಎಳ್ಕೊತಾವ್ರೆ." ಚಿಕ್ಕಮ್ಮನಿಗೆ ಇದು ಯಾರೋ ಮಾಡಿಸಿ ಹಾಕಿದ್ದು ಅನ್ನುವ ಅನುಮಾನ. ಅದಕ್ಕೆ ಹಳೇ ಸಿಟ್ಟೂ ಸೇರಿತು. 2023ರಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್ಟಿನ ಒಳಗಿರುವ ಮನೆಗಳಿಗೆ ಬಿಲ್ಲು ಇಲ್ಲವೆಂದಾಯಿತು. ಮೂರು ಸಂಸಾರ ಒಂದೇ ಮೀಟರಿನಲ್ಲಿರುವ ನಮಗೆ ಸರಾಸರಿ ಮೀರಿತ್ತು, ಸಿಗಲಿಲ್ಲ. ಯಾರಿಂದ ಮೀರಿತು ಎಂಬ ಲೆಕ್ಕ ಇನ್ನೂ ಮುಗಿದಿಲ್ಲ. ಅಪ್ಪ ಒಂದು ಸ್ಟೆಬಿಲೈಸರ್ ತಂದರು. ದೊಡ್ಡಪ್ಪ ಗೀಸರ್ ಬದಲಿಸಿದರು. ಚಿಕ್ಕಪ್ಪ ಹೊಸ ಟೀವಿ ಕಂತಿನ ಮೇಲೆ ತಂದರು. ನಾನು ನನ್ನ ಕೋಣೆಯಲ್ಲಿ ಕೂತು ಕನ್ನಡ ಕಾದಂಬರಿಗಳಲ್ಲಿ ಅವಿಭಕ್ತ ಕುಟುಂಬದ ಒಡಕಿನ ಬಗ್ಗೆ ಅಧ್ಯಾಯ ಬರೆಯುತ್ತಿದ್ದೆ.

ಕೊನೆಗೆ ಬಂದವರು ಹಿಂದೆ ಮಗ್ಗದ ಮೋಟರುಗಳಿಗೆ ಕೆಲಸ ಮಾಡುತ್ತಿದ್ದ ಊರಿನ ಹಳೇ ವೈರ್‌ಮನ್. ಅವರು ಮೊದಲು ಕೇಳಿದ್ದು ಯಾವ ಸಾಮಾನು ಸುಟ್ಟಿತು ಅಂತ ಅಲ್ಲ. "ಯಾರ ಮನೇಲಿ ಏನ್ ಹಾಕ್ದಾಗ ಯಾರ ಮನೇಲಿ ಏನಾಗ್ತದೆ? ಮೂರು ಮನೆಯೋರೂ ಬನ್ನಿ, ಒಟ್ಗೆ ಹೇಳಿ" ಅಂದರು. ಅಜ್ಜಿಯ ತಿಥಿ ಬಿಟ್ಟರೆ ಮೂರು ಸಂಸಾರ ಒಂದು ಕಡೆ ನಿಂತದ್ದು ಅವತ್ತೇ. ಕೇಳಿಸಿಕೊಂಡು, ದೊಡ್ಡಪ್ಪನಿಗೆ ಗೀಸರ್ ಹಾಕಲು ಹೇಳಿ, ಮೀಟರ್ ಹಿಡಿದು ಮೂರೂ ಕಡೆ ಅಳೆದರು. ದೊಡ್ಡಪ್ಪನ ಕಡೆ 170 ವೋಲ್ಟು, ನಮ್ಮ ಕಡೆ 258, ಚಿಕ್ಕಪ್ಪನ ಕಡೆ 273. ಮೂರೂ ಕಡೆ 230ರ ಆಸುಪಾಸಿನಲ್ಲಿರಬೇಕು. "ಯಾರೂ ಯಾರ್ದೂ ಕದ್ದಿಲ್ಲ ಸಾಮೀ. ನ್ಯೂಟ್ರಲ್ ಬಿಟ್ಟೋಗದೆ."

ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಮೂರು ಫೇಸಿನಲ್ಲಿ ಯಾವುದೇ ಎರಡರ ನಡುವೆ 400 ವೋಲ್ಟು ಇರುತ್ತದೆ. ನ್ಯೂಟ್ರಲ್ ತಂತಿ ಗಟ್ಟಿಯಾಗಿದ್ದರೆ ಅದು ಮೂರರ ನಡುವಿನ ಬಿಂದುವನ್ನು ಅಲ್ಲಾಡದಂತೆ ಹಿಡಿದಿರುತ್ತದೆ. ಒಬ್ಬರು ಎಷ್ಟು ಬಳಸಿದರೂ ಇನ್ನೊಬ್ಬರಿಗೆ ಅವರ 230 ಸಿಗುತ್ತದೆ. ಅದು ಸಡಿಲವಾದರೆ ಆ ಬಿಂದು ಹೆಚ್ಚು ಲೋಡು ಇರುವ ಫೇಸಿನ ಕಡೆ ಸರಿಯುತ್ತದೆ. ಗೀಸರ್ ಹಾಕಿದವರ ಮನೆಯಲ್ಲಿ ವೋಲ್ಟೇಜು ಇಳಿಯುತ್ತದೆ, ಬರೀ ಒಂದು ದೀಪ ಹಾಕಿಕೊಂಡು ಸುಮ್ಮನೆ ಕೂತವರ ಮನೆಯಲ್ಲಿ ಏರುತ್ತದೆ. ತಂತಿ ಪೂರ್ತಿ ಕಿತ್ತುಬಂದರೆ ಆ ದೀಪಕ್ಕೆ 400ರ ಹತ್ತಿರದವರೆಗೂ ಬೀಳಬಹುದು.

ಲೈನ್‌ಮ್ಯಾನ್ ಕರೆಸಿ, ಕಂಬದಲ್ಲೇ ಸಪ್ಲೈ ತೆಗೆಸಿ, ಆಮೇಲೆ ಕಟ್‌ಔಟ್ ಬಿಚ್ಚಿದರು. ಹೊರಗಿನಿಂದ ಬಂದ ಅಲ್ಯುಮಿನಿಯಂ ತಂತಿಯೂ ಒಳಗಿನ ತಾಮ್ರದ ತಂತಿಯೂ ಸೇರುವ ಜಾಗ ಕಪ್ಪಾಗಿತ್ತು, ಬಿಳೀ ಪುಡಿ ಕಟ್ಟಿತ್ತು, ಹಿಂದಿನ ಮರದ ಹಲಗೆ ಸುಟ್ಟು ಇದ್ದಿಲಾಗಿತ್ತು. ಈ ಎರಡು ಲೋಹವನ್ನು ಸುಮ್ಮನೆ ತಿರುಚಿ ಬಿಟ್ಟರೆ ಕಾಲಕ್ರಮೇಣ ಹಿಡಿತ ಬಿಡುತ್ತದೆ, ಬಿಸಿಯಾಗುತ್ತದೆ, ಇನ್ನಷ್ಟು ಬಿಡುತ್ತದೆ. ಹೊಸ ಲಗ್ಗು ಹಾಕಿ ಬಿಗಿ ಮಾಡಿದರು. ಮತ್ತೆ ಅಳೆದಾಗ ಮೂರೂ ಕಡೆ 230ರ ಆಚೀಚೆ. ಎರಡು ತಿಂಗಳ ಬೈಗುಳಕ್ಕೆ ಕಾರಣವಾಗಿದ್ದು ಹೆಬ್ಬೆರಳಿನಷ್ಟು ಜಾಗ.

ಇದನ್ನು ಸಂಶೋಧನಾ ವಿದ್ಯಾರ್ಥಿಗಳ ಗೋಷ್ಠಿಯೊಂದರ ಬಿಡುವಿನಲ್ಲಿ ಹೇಳಿದೆ. ಒಬ್ಬ ಗೆಳೆಯ ಚಹಾ ಲೋಟ ಕೆಳಗಿಟ್ಟು, "ತಟಸ್ಥ ತಂತಿ ಕಡಿದಾಗ ಕುಟುಂಬ ಸುಟ್ಟುಹೋಗುತ್ತದೆ. ಎಂಥ ರೂಪಕ!" ಅಂದ. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಕತೆ ಬರಿ ಅಂದರು. ಒಬ್ಬರಾದರೂ ತಮ್ಮ ಮನೆಯ ನ್ಯೂಟ್ರಲ್ ಹೇಗಿದೆ ಅಂತ ಕೇಳಲಿಲ್ಲ.

ನನ್ನ ಜಗಳ ಇರುವುದು ಇಲ್ಲಿ. ಅದು ರೂಪಕ ಅಲ್ಲ, ತಂತಿ. ಕೈಯಲ್ಲಿ ಹಿಡಿದು ನೋಡಬೇಕಾದದ್ದನ್ನೆಲ್ಲ ರೂಪಕ ಮಾಡಿ ಪಕ್ಕಕ್ಕಿಡುವ ಚಟ ನಮಗೆ, ಸಾಹಿತ್ಯದವರಿಗೆ, ಅಂಟಿಕೊಂಡಿದೆ. ರೂಪಕ ಮಾಡಿದ ಮೇಲೆ ರಿಪೇರಿ ಮಾಡುವ ಹೊಣೆ ಇರುವುದಿಲ್ಲವಲ್ಲ. "ನಮಗೆಲ್ಲಿ ಕರೆಂಟಿನ ವಿಷಯ ಗೊತ್ತಾಗುತ್ತೆ ಬಿಡಿ" ಅನ್ನುವುದನ್ನು ನಾವು ನಾಚಿಕೆಯಿಂದ ಹೇಳುವುದಿಲ್ಲ, ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇವೆ. ಕನ್ನಡದ ದೊಡ್ಡವರು ಹೀಗಿರಲಿಲ್ಲ. ಕಾದಂಬರಿ ಬರೆದ ಕೈಯಲ್ಲೇ ಶಿವರಾಮ ಕಾರಂತರು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ಅವರ ಹೆಸರಿನಲ್ಲಿ ವಿಚಾರ ಸಂಕಿರಣ ಮಾಡುವ ನಮಗೆ ಫೇಸು ಯಾವುದು, ನ್ಯೂಟ್ರಲ್ ಯಾವುದು ಅಂತ ಗೊತ್ತಿಲ್ಲ.

ಆ ದಿನದ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ವೈರ್‌ಮನ್ ನಮ್ಮ ಬಚ್ಚಲುಮನೆಗೆ ಹೋಗಿ ಪ್ಲಗ್ಗು ಬಿಚ್ಚಿ ನೋಡಿ, "ಈ ಮನೆಗೆ ಅರ್ಥೇ ಇಲ್ವಲ್ಲ ಸಾರ್" ಅಂದರು. ನನಗೆ ನಗು ಬಂತು. ಅವರು ನಗಲಿಲ್ಲ. ಮೂರು ಪಿನ್ನಿನ ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಹಿಂದೆ ಯಾರೋ ಅದನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿ, ಅದೇ ಅರ್ಥಿಂಗ್ ಎಂದುಕೊಂಡಿದ್ದರು. ಪೈಪು ತುಕ್ಕು ಹಿಡಿದ ಮೇಲೆ ಅಪ್ಪ ಪಿವಿಸಿ ಹಾಕಿಸಿದರು. ನೀರು ಚೆನ್ನಾಗಿ ಬಂತು, ಅರ್ಥ್ ಹೋಯಿತು. ವಾಷಿಂಗ್ ಮಷಿನ್ನಿನ ಮೈಯಲ್ಲಿ ಕರೆಂಟು ಸೋರಿದರೆ ಭೂಮಿಗೆ ಇಳಿಯಲು ಉಳಿದಿದ್ದ ದಾರಿ ಒಂದೇ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತ ಅಮ್ಮ.

ಅಮ್ಮನಿಗೆ ಇದು ಗೊತ್ತಿತ್ತು. ಬಚ್ಚಲ ಸ್ವಿಚ್ಚನ್ನು ಅವಳು ಸೌಟಿನ ಮರದ ಹಿಡಿಯಿಂದ ಒತ್ತುತ್ತಿದ್ದಳು. ಫ್ರಿಜ್ಜು ತೆಗೆಯುವ ಮುಂಚೆ ಹವಾಯಿ ಚಪ್ಪಲಿ ಮೆಟ್ಟುತ್ತಿದ್ದಳು. ಗ್ರೈಂಡರ್ ಹಾಕುವಾಗ ಮಣೆಯ ಮೇಲೆ ನಿಲ್ಲುತ್ತಿದ್ದಳು. ಕೇಳಿದರೆ, "ಜುಮ್ ಅನ್ನತ್ತೆ ಕಣೋ, ಅಷ್ಟೇ" ಅನ್ನುತ್ತಿದ್ದಳು. ನನ್ನ ಆ ಪ್ರಬಂಧದಲ್ಲಿ ಈ ಸೌಟೂ ಬಂದಿದೆ, ಅಮ್ಮನ ಮುದ್ದಾದ ವಿಚಿತ್ರ ಅಭ್ಯಾಸಗಳಲ್ಲಿ ಒಂದಾಗಿ! ಈಗ ಅದನ್ನು ಓದಿದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಅವಳು ವರ್ಷಗಟ್ಟಲೆ ಕೊಟ್ಟ ದೂರನ್ನು ನಾನು ಅಲಂಕಾರ ಮಾಡಿಕೊಂಡಿದ್ದೆ.

ಅನಂತಮೂರ್ತಿಯವರ ಅಂಗಳ-ಹಿತ್ತಲಿನ ಮಾತು ನಮಗೆಲ್ಲ ಬಾಯಿಪಾಠ. ಗಂಡಸರ ಅಂಗಳ, ಹೆಂಗಸರ ಹಿತ್ತಲು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇವೆ. ಹಳೇ ಮನೆಯ ವೈರಿಂಗು ಕೂಡ ಹಾಗೇ ಇದೆ ಎಂದು ಯಾರೂ ಬರೆಯಲಿಲ್ಲ. ಪಡಸಾಲೆಯಲ್ಲಿ ಫ್ಯಾನು, ಟೀವಿ. ಅಲ್ಲಿ ಒಣ ನೆಲ. ನೀರು, ಕಬ್ಬಿಣ, ಬರಿಗಾಲು ಮೂರೂ ಒಟ್ಟಿಗೆ ಇರುವುದು ಅಡುಗೆಮನೆ ಮತ್ತು ಬಚ್ಚಲಲ್ಲಿ. ಹಳೇ ಮನೆಯ ಸೊಗಸನ್ನು ನೆನೆಯುವವರು ಹೆಚ್ಚಾಗಿ ಪಡಸಾಲೆಯಲ್ಲಿ ಕೂತವರು. ಶಾಕ್ ಹೊಡೆಸಿಕೊಂಡವರು ಒಳಗಿದ್ದರು.

ಎಸೆಸೆಲ್ಸಿಯಲ್ಲಿ ಭೂಸಂಪರ್ಕ ತಂತಿಯ ಉಪಯೋಗ ಬರೆದು ಎರಡು ಅಂಕ ತಗೊಂಡವನು ನಾನು. ಉತ್ತರ ಸರಿಯಾಗಿತ್ತು, ಮನೆಯಲ್ಲಿ ಆ ತಂತಿ ಇರಲಿಲ್ಲ. ಪಾಠಕ್ಕೂ ಸಾಕೆಟ್ಟಿಗೂ ಸಂಬಂಧ ಇದೆ ಎಂದು ಮೇಷ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟು ಹೇಳಿದರೆ ಎದುರಾಗುವ ಮಾತುಗಳು ನನಗೆ ಗೊತ್ತು. ಮೊದಲನೆಯದು, "ನಲವತ್ತು ವರ್ಷದಿಂದ ಇದೇ ವೈರು, ಏನೂ ಆಗಿಲ್ಲ." ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟು ಹೋಯಿತು, ಬೆಂಗಳೂರಿಗೆ 1905ರಲ್ಲಿ ಬಂತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಹಳ್ಳಿ-ಪಟ್ಟಣದ ಸಾಮಾನ್ಯ ಮನೆಗೆ ಬಹುಕಾಲ ಕರೆಂಟು ಎಂದರೆ ದೀಪ. ಎಪ್ಪತ್ತರ ದಶಕದ ಕೊನೆಗೆ ಬಂದ ಭಾಗ್ಯಜ್ಯೋತಿಯೂ ಬಡವರ ಮನೆಗೆ ಒಂದು ಬಲ್ಬು ಕೊಡುವ ಯೋಜನೆಯೇ. ನಮ್ಮ ಮನೆಯ ಮರದ ಪಟ್ಟಿಯ ವೈರಿಂಗು ಬಲ್ಬು, ರೇಡಿಯೋಗೆಂದು ಹಾಕಿದ್ದು. 2000 ವ್ಯಾಟಿನ ಗೀಸರ್ ಅಂದರೆ 40 ವ್ಯಾಟಿನ 50 ಬಲ್ಬು ಒಟ್ಟಿಗೆ ಉರಿದಂತೆ. ಇತ್ತ ತಂತಿಯ ಮೇಲಿನ ರಬ್ಬರು ಒಣಗಿ, ಮುಟ್ಟಿದರೆ ಹಪ್ಪಳದಂತೆ ಉದುರುತ್ತದೆ. ಹಳೇ ವೈರಿನ ಮೇಲೆ ಹೊಸ ಕಾಲದ ಭಾರ ಬಿದ್ದಿರುವಾಗ ನಲವತ್ತು ವರ್ಷದ ಮಾತು ಯಾವ ಸಾಕ್ಷಿ?

ಎರಡನೆಯದು, "ಫ್ಯೂಸ್ ಇದೆಯಲ್ಲ." ಇದೆ. ಅದು ಪದೇ ಪದೇ ಹೋಗುತ್ತದೆ ಅಂತ ಅಪ್ಪ ಸರ್ವಿಸ್ ವೈರಿನ ದಪ್ಪ ಎಳೆಯೊಂದನ್ನು ಸುತ್ತಿದ್ದರು, ಆಮೇಲೆ ಒಂದು ಸಲವೂ ಹೋಗಲಿಲ್ಲ. ನಮ್ಮ ಕಣ್ಣಲ್ಲಿ ಫ್ಯೂಸ್ ಹೋಗುವುದೇ ತೊಂದರೆ. ತೊಂದರೆ ಇದೆ ಎಂದು ಅದು ಹೇಳುತ್ತಿದೆ ಎಂದು ಅನ್ನಿಸುವುದೇ ಇಲ್ಲ. ಸರಿಯಾದ ಫ್ಯೂಸ್ ಇದ್ದರೂ ಅದು ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ. ಎದೆ ನಿಲ್ಲಿಸಲು 100 ಮಿಲಿಆಂಪಿಯರ್ ಸಾಕು. 5 ಆಂಪಿಯರ್ ಫ್ಯೂಸ್ ಅದರ ಐವತ್ತು ಪಟ್ಟು ಹರಿದರೂ ತಣ್ಣಗೆ ಕೂತಿರುತ್ತದೆ. ಮನುಷ್ಯರನ್ನು ಕಾಯಲು ಇರುವುದು ಆರ್‌ಸಿಸಿಬಿ. ಹೋದ ಕರೆಂಟು ಅಷ್ಟೇ ವಾಪಸು ಬರುತ್ತಿದೆಯೇ ಎಂದು ಅದು ಲೆಕ್ಕ ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ಎಲ್ಲೋ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಬೆಲೆ ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆ. ನಮ್ಮ ಮನೆಯಲ್ಲಿ ಐದು ಮೊಬೈಲ್ ಇದ್ದವು.

ಮೂರನೆಯದು, "ಇಷ್ಟೆಲ್ಲ ಯಾಕೆ, ಕೆಡವಿ ಕಟ್ಟಿ." 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಈ ಸಲಹೆ ಬೇಡವೆಂದರೂ ಸಿಗುತ್ತದೆ. ಹಳೇ ಮನೆ ಅಪಾಯ ಎನ್ನುವವರಿಗೆ ಮನೆಯ ಮೇಲಿಗಿಂತ ಸೈಟಿನ ಮೇಲೆ ಕಣ್ಣು. ನನ್ನ ಮಾತನ್ನು ಅವರು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು. ತೊಲೆ, ಗೋಡೆ ಗಟ್ಟಿಯಿರುವ ಮನೆಗೆ ಹೊಸ ವೈರಿಂಗು, ಅರ್ಥಿಂಗು ಮಾಡಿಸಿದರೆ ಇನ್ನೂ ಎರಡು ತಲೆಮಾರು ಬಾಳುತ್ತದೆ. ಹಂಬಲಿಸುವವರು ರಿಪೇರಿ ಮಾಡುವುದಿಲ್ಲ, ಕೆಡವುವವರೂ ಮಾಡುವುದಿಲ್ಲ. ಈ ವಿಷಯದಲ್ಲಿ ಇಬ್ಬರೂ ಒಂದೇ ಪಕ್ಷ.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನನ್ನ ಪ್ರಕಾರ ಅದೇ ನಿಜವಾದ ಕಾರಣ: "ಭಾಗ ಆಗ್ಲಿ, ಆಮೇಲೆ ನೋಡೋಣ." ಖಾತೆ ತಾತನ ಹೆಸರಿನಲ್ಲಿರುವ ಮನೆಗೆ ದುಡ್ಡು ಹಾಕಿ, ನಾಳೆ ಆ ಭಾಗ ಬೇರೆಯವರ ಪಾಲಾದರೆ? ಹೀಗೆ ಎಷ್ಟು ಮನೆಗಳ ಮೀಟರ್ ಬೋರ್ಡು ಭಾಗಕ್ಕೆ ಕಾಯುತ್ತಾ ಕೂತಿವೆಯೋ. ಕೋರ್ಟು ಹತ್ತು ವರ್ಷ ತಗೊಂಡೀತು, ಸಡಿಲವಾದ ತಂತಿ ಅಷ್ಟು ಕಾಯುವುದಿಲ್ಲ. ಉಚಿತ ವಿದ್ಯುತ್ ಬೇಕೋ ಬೇಡವೋ ಎಂದು ಚರ್ಚಿಸಿದವರು ಯೂನಿಟ್ಟಿನ ಲೆಕ್ಕ ಹಾಕಿದರು, ಖಜಾನೆಯ ಲೆಕ್ಕ ಹಾಕಿದರು. ಆ ಯೂನಿಟ್ಟುಗಳು ಯಾವ ತಂತಿಯಲ್ಲಿ ಹರಿದು ಯಾರ ಕೈಗೆ ತಲುಪುತ್ತವೆ ಎಂದು ಕೇಳಿದವರು ಕಡಿಮೆ.

2023ರ ನವೆಂಬರಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಕೂಸು ಇಬ್ಬರೂ ಸತ್ತರು. ಜನ ಸಿಟ್ಟಾದರು, ಸಿಟ್ಟಾಗಬೇಕಾದದ್ದೇ. ಬೀದಿಯ ತಂತಿಗೆ ಕೇಳಲು ಒಬ್ಬ ಹೊಣೆಗಾರ ಇದ್ದಾನೆ. ಮೀಟರಿನಿಂದ ಈಚೆಗಿನ ತಂತಿಗೆ ಹೊಣೆ ನಾವೇ, ಅದಕ್ಕೇ ಅಲ್ಲಿ ನಮಗೆ ಸಿಟ್ಟು ಬರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪಟ್ಟಿಯಲ್ಲಿ ವಿದ್ಯುತ್ ತಗುಲಿ ಸತ್ತವರ ಸಂಖ್ಯೆ ಈಚಿನ ವರ್ಷಗಳಲ್ಲಿ ದೇಶದಾದ್ಯಂತ ಹತ್ತು ಸಾವಿರ ಮೀರಿದೆ. ಮನೆಯೊಳಗೆ ಹಾಗೆ ಸತ್ತರೆ "ಗ್ರಹಚಾರ" ಎಂದು ನಾವು ತಿಥಿ ಮಾಡಿ ಮುಗಿಸುತ್ತೇವೆ.

ಆದ್ದರಿಂದ ಹಳೇ ಮನೆಯ ಬಗ್ಗೆ ಬರೆಯಲು ಹೊರಟಿರುವವರಿಗೆ ನನ್ನದೊಂದು ಒತ್ತಾಯ. ಮುಂದಿನ ಸಲ ಊರಿಗೆ ಹೋದಾಗ ಪೆನ್ನು ತೆಗೆಯುವ ಮುಂಚೆ ಮನೆಯ ಹೆಂಗಸರನ್ನು ಕೇಳಿ: ಎಲ್ಲಿ ಜುಮ್ ಅನ್ನುತ್ತದೆ? ಯಾವ ಸ್ವಿಚ್ಚು ಬಿಸಿಯಾಗುತ್ತದೆ? ಯಾರ ಮನೆಯಲ್ಲಿ ಏನು ಹಾಕಿದಾಗ ದೀಪ ಏರುತ್ತದೆ, ಇಳಿಯುತ್ತದೆ? ಬರೆದಿಟ್ಟುಕೊಳ್ಳಿ, ಕ್ಷೇತ್ರಕಾರ್ಯ ಮಾಡಿ ಗೊತ್ತಿದೆಯಲ್ಲ ನಮಗೆ. ದೀಪ ಇದ್ದಕ್ಕಿದ್ದಂತೆ ಕಣ್ಣು ಕುಕ್ಕಿದರೆ ಸ್ಟೆಬಿಲೈಸರ್ ಕೊಳ್ಳಲು ಓಡಬೇಡಿ. ಮೇನ್ ಆರಿಸಿ, ಗೊತ್ತಿರುವವರನ್ನು ಕರೆಸಿ. ಕಟ್‌ಔಟಿಗೆ ನೀವೇ ಕೈ ಹಾಕಬೇಡಿ, ಮೇನ್ ಆರಿಸಿದರೂ ಅದರ ಹಿಂದಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ, ಅವರು ಹೇಳುವುದನ್ನು ನಿಮ್ಮ ಮಾರ್ಗದರ್ಶಕರ ಮಾತಿನಷ್ಟೇ ಗಮನವಿಟ್ಟು ಕೇಳಿ. ಅರ್ಥಿಂಗು ಮಾಡಿಸಿ, ಆರ್‌ಸಿಸಿಬಿ ಹಾಕಿಸಿ. ಆಮೇಲೆ ಗುಬ್ಬಿ ಗೂಡಿನ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ, ನಾನೇ ಮೊದಲು ಓದುತ್ತೇನೆ.

ನನ್ನ ಫೆಲೋಶಿಪ್ಪಿನ ದುಡ್ಡಿನಲ್ಲಿ ನಮ್ಮ ಭಾಗದ ವೈರಿಂಗು ಬದಲಾಯಿತು. ಹಿತ್ತಲಲ್ಲಿ ಗುಂಡಿ ತೋಡಿ ಅರ್ಥಿಂಗು ಇಳಿಸಿದೆವು, ಜಾಗ ಚಿಕ್ಕಪ್ಪನದು, ಅವರು ಒಪ್ಪಿದರು. ಅವರ ಮನೆಗೂ ಅದೇ ತಂತಿ ಹೋಗಿದೆ. ದೊಡ್ಡಪ್ಪ ಒಪ್ಪಲಿಲ್ಲ. ಭಾಗ ಆಗುವವರೆಗೆ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದು ಅಂದರು. ಅವರ ಬಚ್ಚಲಲ್ಲಿ ಈಗಲೂ ಮೂರನೇ ತೂತು ಖಾಲಿ ಇದೆ, ದೊಡ್ಡಮ್ಮ ಬೆಳಿಗ್ಗೆ ಐದೂವರೆಗೆ ಅಲ್ಲೇ ಬಟ್ಟೆ ನೆನೆಹಾಕುತ್ತಾರೆ. ಮನೆಯ ಮಾತನ್ನು ಬೀದಿಗೆ ತಂದೆ ಅಂತ ಇದನ್ನು ಓದಿ ದೊಡ್ಡಪ್ಪ ಸಿಟ್ಟಾಗುತ್ತಾರೆ. ಆಗಲಿ. ಬೈಯಲಿಕ್ಕಾದರೂ ನಮ್ಮ ಭಾಗಕ್ಕೆ ಬಂದರೆ ಆ ಡಬ್ಬಿಯನ್ನು ತೋರಿಸುತ್ತೇನೆ.